ಅಟ್ಟದ ಮೇಲಿನ ಬಾಯಿ

ಶನಿವಾರದ ದಿನವನ್ನು ಹಾಳು ಮಾಡುವುದಕ್ಕೆ ಹೊಸ ಕಂಡಕ್ಟರನೊಬ್ಬ ಊರಿನ ಹೆಸರು ಕೇಳಿದ್ದೇ ಸಾಕಾಯಿತು. ಹಳಬನಾಗಿದ್ದರೆ ಸೂರ್ಯಪ್ರಕಾಶನ ಮುಖ ನೋಡುತ್ತಲೇ ತುರುವೇಕೆರೆಗೆ ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋಗುತ್ತಿದ್ದ. ಈ ಹೊಸಬ ಎದುರಿಗೆ ನಿಂತು, "ಎಲ್ಲಿಗ್ರೀ?" ಎಂದ. ಸೂರ್ಯಪ್ರಕಾಶನ ನಾಲಗೆ 'ತ' ಅಕ್ಷರದ ಮೇಲೆ ಹೋಗಿ ಕೂತಿತು. ಕೂತದ್ದು ಏಳಲಿಲ್ಲ. ಕತ್ತಿನ ನರ ಉಬ್ಬಿತು, ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತು, ಪಕ್ಕದ ಸೀಟಿನ ಇಬ್ಬರು ಕಾಲೇಜು ಹುಡುಗಿಯರು ಕಿಟಕಿಯ ಕಡೆ ತಿರುಗಿಕೊಂಡರು. ಪಾಪ, ನಗಬಾರದೆಂದೇ ತಿರುಗಿದ್ದು. "ತಿಪಟೂರಾ?" ಎಂದ ಕಂಡಕ್ಟರ್, ಉಪಕಾರ ಮಾಡುವವನ ದನಿಯಲ್ಲಿ. ಸೂರ್ಯಪ್ರಕಾಶ ತಲೆಯಾಡಿಸಿಬಿಟ್ಟ. ತಿಪಟೂರಿನ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ತುರುವೇಕೆರೆಯಲ್ಲಿ ಇಳಿದ. "ರೀ ಯಜಮಾನ್ರೇ, ತಿಪಟೂರು ಇನ್ನೂ ಮುಂದೈತೆ" ಎಂದು ಹಿಂದಿನಿಂದ ಕೂಗಿದ್ದು ಕೇಳಿಸದವನಂತೆ ನಡೆದ. ಮೂವತ್ತೇಳು ವರ್ಷದ ಗಂಡಸು, ಒಬ್ಬ ಮಗಳ ಅಪ್ಪ, ತಾಲ್ಲೂಕು ಕಚೇರಿಯ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟವನು, ಹನ್ನೆರಡು ವರ್ಷದಿಂದ ದಿನಾ ಹೋಗುವ ಊರಿನ ಹೆಸರು ಹೇಳಲಾರದೆ ಬೇರೆ ಊರಿನ ಟಿಕೆಟ್ ತೆಗೆದುಕೊಂಡಿದ್ದ. ಅಂಗಡಿಯಲ್ಲಿ ಇಂಥ ತಾಪತ್ರಯ ಬರಬಾರದೆಂದೇ ಪಹಣಿ, ಜಾತಿ, ಆದಾಯ, ಎಲ್ಲವನ್ನೂ ದೊಡ್ಡ ಬೋರ್ಡಿನಲ್ಲಿ ಬರೆಸಿ ತೂಗುಹಾಕಿದ್ದ. ಕೇಳಿದವರಿಗೆ ಬೋರ್ಡಿನ ಕಡೆ ಬೆರಳು ತೋರಿಸುತ್ತಿದ್ದ. ಜನ ಅವನನ್ನು ಗಂಭೀರ ಮನುಷ್ಯ ಎನ್ನುತ್ತಿದ್ದರು.

ಭಾನುವಾರ ಹನ್ನೊಂದು ಗಂಟೆಗೆ ಏಣಿ ಹತ್ತಿ ಅಟ್ಟದ ಮೇಲೆ ಕೂತಾಗಲೂ ಆ "ತಿಪಟೂರಾ?" ಕಿವಿಯಲ್ಲೇ ಇತ್ತು. ಮನೆಗೆ ಅಂಟಿಕೊಂಡ ಕೊಟ್ಟಿಗೆಯ ಮೇಲೆ ಕೊಬ್ಬರಿಗೆಂದೇ ಅವನ ಅಪ್ಪ ನಂಜುಂಡಪ್ಪ ಕಟ್ಟಿಸಿದ ಅಟ್ಟ ಅದು. ಕೆಳಗಿನಿಂದ ಗಾಳಿಯಾಡಲಿ ಎಂದು ಹಲಗೆಯ ಬದಲು ಅಡಿಕೆ ಮರದ ದಬ್ಬೆಗಳನ್ನು ಬೆರಳಗಲ ಸಂದು ಬಿಟ್ಟು ಹಾಸಿದ್ದರು. ಬಲಿತ ಕಾಯಿಗಳನ್ನು ಮಟ್ಟೆಸಮೇತ ಅಲ್ಲಿ ರಾಶಿ ಹಾಕಿದರೆ ಹನ್ನೊಂದು ತಿಂಗಳು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಎನ್ನುವ ತನಕ ಕಾಯಬೇಕು. ಅಷ್ಟು ದಿನ ಅಟ್ಟಕ್ಕೆ ಯಾರೂ ಬರುವುದಿಲ್ಲ ಎಂಬುದೇ ಸೂರ್ಯಪ್ರಕಾಶನಿಗೆ ಅನುಕೂಲವಾಗಿತ್ತು. ಎದೆಮಟ್ಟದ ರಾಶಿಯ ನಡುವೆ ಒಂದು ಗೋಣಿಚೀಲ ಹಾಸುವಷ್ಟು ಜಾಗ ಮಾಡಿಕೊಂಡಿದ್ದ. ಗವಾಕ್ಷಿಯ ಪಕ್ಕ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ಎಷ್ಟು ಜೋರಾಗಿ ಮಾತಾಡಿದರೂ ಕಾಯಿರಾಶಿ ಮಾತನ್ನು ನುಂಗಿಕೊಳ್ಳುತ್ತಿತ್ತು. ಒಂದು ಸಲ ತಾನೇ ಪರೀಕ್ಷೆ ಮಾಡಿ ನೋಡಿದ್ದ, ಫೋನಿನಲ್ಲಿ ಹಾಡು ಹಾಕಿಟ್ಟು ಕೆಳಗಿಳಿದು ನಿಂತರೆ ಏನೂ ಕೇಳಿಸಿರಲಿಲ್ಲ. ಹೆಂಡತಿ ಮಂಗಳಾ ವಾರವಿಡೀ ಗಾರ್ಮೆಂಟ್ಸ್ ಬಸ್ಸು ಹತ್ತಿ ದುಡಿದು ಬರುವವಳು. ಭಾನುವಾರ ಬಟ್ಟೆ, ಪಾತ್ರೆ, ಕೊಟ್ಟಿಗೆ ಎಂದು ಓಡಾಡುವಾಗ ಗಂಡ ಎಲ್ಲಿದ್ದಾನೆಂದು ಹುಡುಕಲು ಅವಳಿಗೆ ಪುರುಸೊತ್ತಿರಲಿಲ್ಲ. "ಮೊಬೈಲಲ್ಲಿ ಆಟ ಆಡ್ಕೊಂಡ್ ಕೂತಿರ್ಲಿ ಬುಡಿ ಅತ್ತೆ, ಕುಡಿಯಲ್ಲ, ಸೇದಲ್ಲ" ಎಂದು ಅವನ ತಾಯಿ ಬೋರಮ್ಮನಿಗೆ ಅವಳೇ ಸಮಾಧಾನ ಹೇಳಿದ್ದಳು. ಹೋದ ವಾರದಿಂದ ಕೂಲಿಯ ಗಂಗಕ್ಕ ಬಂದು ಕಾಯಿ ಇಳಿಸಿ ಅಂಗಳದಲ್ಲಿ ಕೊಬ್ಬರಿ ಬಿಡಿಸುತ್ತಿದ್ದಳು. ಅರ್ಧ ಅಟ್ಟ ಖಾಲಿಯಾಗಿತ್ತು. ಅದನ್ನು ಅವನೂ ನೋಡಿದ್ದ. ನೋಡಿ, ಕಾಲು ಚಾಚಲು ಜಾಗವಾಯಿತು ಎಂದಷ್ಟೇ ಅಂದುಕೊಂಡಿದ್ದ.

ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರಿ, ನಾಲ್ಕು ನಾಲ್ಕು ಜನರ ಗುಂಪಾಗಿ, ಮಿಕ್ಕವರಿಗೆಲ್ಲ ಗುಂಡಿಕ್ಕಿ ಕೊನೆಗೆ ಉಳಿಯಬೇಕಾದ ಆಟ ಅದು. ಗುಂಪಿನ ನಾಲ್ವರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ, ಮುಖ ಕಾಣುವುದಿಲ್ಲ. ಎರಡು ವರ್ಷದ ಹಿಂದೆ ಶುರು ಮಾಡಿದಾಗ ಮೂರು ತಿಂಗಳು ಮೈಕು ಆಫ್ ಮಾಡಿಕೊಂಡೇ ಆಡಿದ್ದ. ಒಂದು ದಿನ ಗುಂಪಿನವನೊಬ್ಬ ಇವನು ಗಾಯಗೊಂಡು ಬಿದ್ದಿರುವಾಗ ಎತ್ತದೆ ಬಿಟ್ಟು ಓಡಿಹೋದ. ಬೆರಳು ಮೈಕಿನ ಗುರುತಿಗೆ ಯಾವಾಗ ತಾಗಿತೋ ತಿಳಿಯದು, "ಎಲ್ಲಿಗೆ ಓಡ್ತೀಯಲಾ ಬೇವರ್ಸಿ, ನಿಮ್ಮಪ್ಪನ ತಿಥಿಗಾ?" ಎಂಬ ಮಾತು ಬಾಯಿಂದ ಹೊರಬಿತ್ತು. ಪೂರ್ತಿಯಾಗಿ, ಮೊದಲಿಂದ ಕೊನೆಯವರೆಗೆ, ಎಲ್ಲೂ ಉಗ್ಗದೆ. ಸೂರ್ಯಪ್ರಕಾಶ ಫೋನನ್ನು ತೊಡೆಯ ಮೇಲಿಟ್ಟುಕೊಂಡ. ಇನ್ನೊಂದು ಬೈದು ನೋಡಿದ. ಅದೂ ಬಂತು. ನಮಸ್ಕಾರ ಎನ್ನಲು ಬಾರದ ಬಾಯಿಗೆ, ಮದುವೆಯ ದಿನ ಮಾವನ ಮನೆಯವರೆದುರು ತನ್ನ ಹೆಸರನ್ನು ಹೇಳಲಾರದೆ ಸ್ಸ್ ಸ್ಸ್ ಎಂದು ಬೆವತ ಬಾಯಿಗೆ, ಬೈಗುಳ ಎಂದರೆ ಇಳಿಜಾರು. ದನಿಯೂ ಅವನದಲ್ಲ, ನಂಜುಂಡಪ್ಪನದು. ತೋಟದ ಬದುವಿನ ಮೇಲೆ ನಿಂತು ಆಳುಕಾಳುಗಳನ್ನು ಬೈಯಲು ಶುರುಮಾಡಿದರೆ ಮೂರು ತೋಟದಾಚೆಗೆ ಕೇಳಿಸುತ್ತಿದ್ದ ದನಿ. ಮಗ ಮಾತಿನ ಮಧ್ಯೆ ತಡವರಿಸಿದರೆ ಬೆರಳಿನ ಗಿಣ್ಣಿನಿಂದ ನೆತ್ತಿಗೆ ಕುಟ್ಟಿ, "ಉಗುಳ್ಲಾ ಆಚೆಗೆ" ಎನ್ನುತ್ತಿದ್ದ ದನಿ. ಅಪ್ಪ ಸತ್ತು ಒಂಬತ್ತು ವರ್ಷವಾಗಿತ್ತು. ಆ ದನಿ ಇಷ್ಟು ದಿನ ತನ್ನೊಳಗೇ ಬಿದ್ದುಕೊಂಡಿತ್ತೆಂದು ತಿಳಿದಾಗ ಸೂರ್ಯಪ್ರಕಾಶನಿಗೆ ಹೇಸಿಗೆಯಾಗಬೇಕಿತ್ತು. ಆಗಲಿಲ್ಲ, ಖುಷಿಯಾಯಿತು. ಅಂದಿನಿಂದ ಆಟದಲ್ಲಿ ಅವನ ಹೆಸರು ಯಮ. ಜೊತೆಯವರು ದೂರು ಕೊಟ್ಟು ಒಮ್ಮೆ ಏಳು ದಿನ ಆಟದಿಂದ ಹೊರಗೆ ಹಾಕಿಸಿದ್ದರು. ಆ ಏಳು ದಿನ ಬಾಯಿ ಒಣಗಿದವನಂತೆ ಓಡಾಡಿ, ಎಂಟನೆಯ ದಿನ ಇನ್ನೊಂದು ಐಡಿ ಮಾಡಿಕೊಂಡಿದ್ದ.

ಎಲ್ಲರೂ ದೂರು ಕೊಡುವುದಿಲ್ಲ. ನಗುವವರೇ ಹೆಚ್ಚು. ಯಾರೋ ಒಬ್ಬನನ್ನು ಹಿಡಿದು ಜಾಡಿಸುತ್ತಿದ್ದರೆ ಮಿಕ್ಕಿಬ್ಬರು ನಗುತ್ತಾರೆ, "ಅಣ್ಣ ಬೆಂಕಿ" ಎನ್ನುತ್ತಾರೆ. ಶಾಲೆಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಕಿಟಕಿಯೆದುರು ಬದುಕಿಡೀ ಅವನು ಕೇಳಿಸಿಕೊಂಡ ನಗೆಯೇ ಅದು. ಈಗ ಅದು ತನ್ನ ಪಕ್ಕಕ್ಕೆ ಬಂದು ಕೂತಿತ್ತು, ಅಷ್ಟೇ ವ್ಯತ್ಯಾಸ. ಅದನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕಾದರೆ ಎದುರಿಗೆ ಯಾವಾಗಲೂ ಒಬ್ಬನಿರಬೇಕು.

ಮಗಳು ಜೀವಿತಾಗೆ ಎಂಟು ವರ್ಷ, ಮೂರನೇ ಕ್ಲಾಸು. ಐದನೆಯ ವರ್ಷದಿಂದ ಅವಳಿಗೂ ಉಗ್ಗು ಹತ್ತಿತು. ಬೋರಮ್ಮ ಬಜೆ ತೇದು ಜೇನುತುಪ್ಪದಲ್ಲಿ ನಾಲಗೆಗೆ ತೀಡಿದಳು, ಎಡೆಯೂರಿಗೆ ಹರಕೆ ಹೊತ್ತಳು, ಕೊನೆಗೆ "ಅಪ್ಪನ ಬಳುವಳಿ ಕಣವ್ವ, ಏನ್ ಮಾಡಕ್ಕಾಯ್ತದೆ" ಎಂದು ಯಾವ ಕೆಟ್ಟ ಮನಸ್ಸೂ ಇಲ್ಲದೆ ಅಂದಳು. ಅಂದು ಸೂರ್ಯಪ್ರಕಾಶ ಊಟ ಬಿಟ್ಟೆದ್ದಿದ್ದ. ಈ ವರ್ಷ ಮಗು ಮಾತನ್ನೇ ಕಡಿಮೆ ಮಾಡುತ್ತ ಬಂತು. ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಅನಿತಾಳ ಹತ್ತಿರ ಬಿಟ್ಟು ಇನ್ಯಾರ ಹತ್ತಿರವೂ ತುಟಿ ಬಿಚ್ಚುತ್ತಿರಲಿಲ್ಲ. ಅಮ್ಮ, ಅಜ್ಜಿಗೂ ತಲೆಯಾಡಿಸಿಯೇ ಉತ್ತರ. ತುಮಕೂರಿನಲ್ಲಿ ತೋರಿಸಿದಾಗ ಡಾಕ್ಟರಮ್ಮ ಮೂವರನ್ನೂ ಎದುರಿಗೆ ಕೂರಿಸಿಕೊಂಡು, "ದಿನಾ ಹದಿನೈದು ನಿಮಿಷ ಒಬ್ಬರು ಎದುರಿಗೆ ಕೂತು ಸುಮ್ಮನೆ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಅವಳ ಮಾತನ್ನ ನೀವು ಮುಗಿಸಬೇಡಿ. ಮುಖ ತಿರುಗಿಸಬೇಡಿ. ಮನೇಲಿ ಒಬ್ಬರ ಹತ್ತಿರವಾದರೂ ಹೆದರದೆ ಮಾತಾಡ್ತಿದ್ರೆ ದಾರಿಗೆ ಬರುತ್ತೆ. ಅದೂ ನಿಂತುಹೋದ್ರೆ ಆಮೇಲೆ ಕಷ್ಟ" ಎಂದಿದ್ದರು. ಯಾರ ಹತ್ತಿರ ಎಂದು ಕೇಳಿದಾಗ ಮಗು ಅಪ್ಪನ ತೋಳು ಹಿಡಿದುಕೊಂಡಿತು. ಮಂಗಳಾ ಬಸ್ಸಿನಲ್ಲಿ ಊರಿನವರೆಗೂ ಕಣ್ಣೊರೆಸಿಕೊಳ್ಳುತ್ತ ಬಂದಳು. "ನಿಮ್ಮೊಬ್ರ ಕೈಲೈತೆ ಕಣ್ರೀ ಇನ್ನ" ಎಂದಳು.

ಹಾಗೆ ದಿನಾ ಸಂಜೆ ಅಂಗಡಿಯಿಂದ ಬಂದ ಮೇಲೆ, ಭಾನುವಾರ ನಾಲ್ಕು ಗಂಟೆಗೆ, ಜಗಲಿಯ ಮೇಲೆ ಅಪ್ಪ ಮಗಳು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುತ್ತಿದ್ದರು. "ಅ... ಅ... ಅಪ್ಪ, ಇವತ್ತು ಮ್ಮ... ಮ್ಮ... ಮಿಸ್ಸು..." ಎಂದು ಅವಳು ಶುರುಮಾಡುತ್ತಿದ್ದಳು. ಎಡವುವ ಅಕ್ಷರ ಬರುವುದಕ್ಕೆ ಮುಂಚೆಯೇ ಸೂರ್ಯಪ್ರಕಾಶನಿಗೆ ಗೊತ್ತಾಗುತ್ತಿತ್ತು. ಅವಳ ಗಂಟಲು ಬಿಗಿಯುವ ಮುಂಚೆ ತನ್ನದು ಬಿಗಿಯುತ್ತಿತ್ತು. ಮುಖದ ಮೇಲೆ ನಗು ಇಟ್ಟುಕೊಂಡು, ಚಪ್ಪಲಿಯೊಳಗೆ ಕಾಲ್ಬೆರಳುಗಳನ್ನು ಮಡಚಿ ಹಿಡಿದು, ಹದಿನೈದು ನಿಮಿಷ ಕೂತು ಎದ್ದರೆ ಬೆನ್ನಿನ ಅಂಗಿ ಒದ್ದೆಯಾಗಿರುತ್ತಿತ್ತು. ಹಾದುಹೋಗುವವರು ಎಂಥ ತಾಳ್ಮೆ ಎನ್ನುತ್ತಿದ್ದರು. ಮಗಳನ್ನು ಅವನು ಪ್ರೀತಿಸುತ್ತಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಎದ್ದ ಮೇಲೆ ಕೈ ನೇರವಾಗಿ ಫೋನಿಗೆ ಹೋಗುತ್ತಿತ್ತು, ಕಾಲು ಏಣಿಗೆ.

ಈ ಭಾನುವಾರ ಗುಂಪಿಗೆ ಬಿದ್ದ ಮೂವರಲ್ಲಿ ಇಬ್ಬರು ಜೋಡಿ. ಮಾತಿನಲ್ಲಿ ಹಾಸನದ ಕಡೆಯ ಹುಡುಗರು, ಲವಲವಿಕೆಯವರು. ಮೂರನೆಯವನ ಮೈಕು ಆನ್ ಇತ್ತು, ಮಾತಿರಲಿಲ್ಲ. ಐದು ನಿಮಿಷವಾದ ಮೇಲೆ ಒಂದು ಉಸಿರು ಕೇಳಿಸಿತು, ಮಾತಿಗೆ ಮುಂಚೆ ಒಳಗೆಳೆದುಕೊಂಡು ಅಲ್ಲೇ ನಿಲ್ಲಿಸುವ ಉಸಿರು. ಅದರ ಗುರುತು ಸೂರ್ಯಪ್ರಕಾಶನಿಗೆ ಹತ್ತಿದಷ್ಟು ಬೇಗ ಇನ್ಯಾರಿಗೂ ಹತ್ತುವಂತಿರಲಿಲ್ಲ. "ಬ್ಬ... ಬ್ಬ... ಬ್ಬಲ..." ಎಂದಿತು ದನಿ. ಬಲಗಡೆಯ ಗುಡ್ಡದ ಹಿಂದೆ ಎದುರಾಳಿಗಳಿದ್ದರು. ಹೇಳಿ ಮುಗಿಸುವುದರೊಳಗೆ ಜೋಡಿಯಲ್ಲೊಬ್ಬ ಗುಂಡು ತಿಂದು ಬಿದ್ದ. ಆಗ ಮೂರು ಸೆಕೆಂಡು ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರುವುದು ಹೇಗೆಂದು ಜಗಲಿಯ ಮೇಲೆ ದಿನಾ ಅಭ್ಯಾಸ ಮಾಡಿದವನು ಈ ಭೂಮಿಯ ಮೇಲೆ ಅವನನ್ನು ಬಿಟ್ಟು ಇನ್ನೊಬ್ಬನಿರಲಿಲ್ಲ.

"ಏನ್ಲಾ ಅದು, ಬಾಯಿಗೆ ನುಸಿ ಹತ್ತೈತೇನ್ಲಾ?" ಎಂದ ಸೂರ್ಯಪ್ರಕಾಶ. ಜೋಡಿ ಹುಡುಗರು ನಕ್ಕರು. "ಹೆಸರೇನ್ಲಾ ನಿಂದು?"

"ಮ್ಮ... ಮ್ಮೋ..."

"ಮೋರಿನಾ? ಮೋರಿ ಅಂತ ಹೆಸರಿಟ್ಟವ್ನಾ ನಿಮ್ಮಪ್ಪ?"

"ಮ್ಮೋ... ಮೋಹನ್ ಕುಮಾರ್ ಅಣ್ಣ."

ಹೇಳಿಯೇ ಬಿಟ್ಟ. ಮುಖ ಕಾಣದ ಮೂವರೆದುರು ಸ್ವಂತ ಹೆಸರನ್ನು ಹೇಳುವುದಕ್ಕೆ ಎಷ್ಟು ಗುಂಡಿಗೆ ಬೇಕೆಂದು ಸೂರ್ಯಪ್ರಕಾಶನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸರಿಯಾಗಿ ಅಲ್ಲಿಗೇ ಕೈ ಹಾಕಿದ್ದ. ಬೇರೆಯವರು ಬೈದರೆ ಎಲ್ಲೆಲ್ಲೋ ಬೀಳುತ್ತದೆ. ಇವನದು ಹುಣ್ಣಿರುವ ಕಡೆಯೇ ಬೀಳುತ್ತಿತ್ತು, ಯಾಕೆಂದರೆ ಅದೇ ಹುಣ್ಣು ಅವನಿಗೂ ಇತ್ತು. "ಮ್ಮ ಮ್ಮ ಮ್ಮೋ" ಎಂದು ಅಣಕಿಸಿದ. ಬೇಕೆಂದಾಗ ಉಗ್ಗಿ ಬೇಡವೆಂದಾಗ ನಿಲ್ಲಿಸುವುದು ಎಷ್ಟು ಸುಖವಾಗಿತ್ತು! ಹುಟ್ಟಿದಾಗಿನಿಂದ ತನ್ನನ್ನು ಆಳಿದ ಉಗ್ಗು ಆಗ ಮಾತ್ರ ಅವನು ಹೇಳಿದಂತೆ ಕೇಳುತ್ತಿತ್ತು. ಹುಡುಗರ ನಗು ಜೋರಾಯಿತು. ಮೋಹನ್ ಕುಮಾರ್, "ಸ್ಸಾ... ಸಾರಿ ಅಣ್ಣ, ಮ್ಮ... ಮೈಕ್ ಆಫ್ ಮಾಡ್ಕೊತೀನಿ" ಎಂದ. "ಆಫ್ ಮಾಡಿದ್ಯೋ ಹುಷಾರ್. ಬಲಗಡೆ ಅಂತ ಹತ್ತು ಸಲ ಹೇಳು. ಹೇಳ್ಲಾ. ನಿಮ್ಮವ್ವ ನಿನ್ನ ಹೆರೋ ಬದ್ಲು ಒಂದು ಕಲ್ಲು ಹೆತ್ತಿದ್ರೆ ಬಟ್ಟೆನಾದ್ರೂ ಒಗೀಬೋದಿತ್ತು." ಆ ಪೆದ್ದ ಆಟ ಬಿಟ್ಟು ಹೋಗಬಹುದಿತ್ತು, ಹೋಗಲಿಲ್ಲ. ಬಲಗಡೆ ಎಂದು ಹೇಳಲು ಶುರುಮಾಡಿದ. ಮಾತಾಡು ಮಾತಾಡು ಎಂದು ಬದುಕಿಡೀ ಅನ್ನಿಸಿಕೊಂಡವನು ಮಾತಾಡು ಎಂದರೆ ಮಾತಾಡುತ್ತಾನೆ; ಅದೂ ಸೂರ್ಯಪ್ರಕಾಶನಿಗೆ ಗೊತ್ತಿತ್ತು. ಎರಡನೆಯದೋ ಮೂರನೆಯದೋ ನಡೆಯುತ್ತಿರುವಾಗ ಚಾಚಿದ ಕಾಲಿನ ಹತ್ತಿರ, ದಬ್ಬೆಗಳ ಸಂದಿನ ಕೆಳಗೆ, ಏನೋ ಅಲುಗಿತು.

ಮೊದಲು ಕಂಡದ್ದು ಎಣ್ಣೆ ಹಚ್ಚಿ ತೆಗೆದ ಬೈತಲೆ. ಆಮೇಲೆ ಮುಖ ಮೇಲಕ್ಕೆ ತಿರುಗಿತು. ಜೀವಿತಾ ಸರಿಯಾಗಿ ಅವನ ಕೆಳಗೆ, ಕೊಟ್ಟಿಗೆಯ ಮೂಲೆಯ ಮಟ್ಟೆರಾಶಿಯ ಮೇಲೆ, ಮೊಣಕಾಲು ತಬ್ಬಿ ಕೂತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಕಥೆ ಕೇಳುವಾಗ ತೆರೆದುಕೊಳ್ಳುವಂತೆ. ಕಣ್ಣಿಗೆ ಕಣ್ಣು ಸೇರಿತು. ಅವಳು ಬೆಚ್ಚಲಿಲ್ಲ, ಅಳಲಿಲ್ಲ. ಎದ್ದು, ಲಂಗಕ್ಕೆ ಅಂಟಿದ ನಾರನ್ನು ಒದರಿಕೊಂಡು, ಹೊರಟುಹೋದಳು.

"ಅಣ್ಣ, ಕಟ್ ಆಯ್ತಾ?" ಎಂದ ಹುಡುಗರಲ್ಲೊಬ್ಬ. ಇಲ್ಲ ಎನ್ನಹೋದ ಸೂರ್ಯಪ್ರಕಾಶ. "ಇ... ಇ... ಇ..." ಎಂದಿತು ಬಾಯಿ. ಇಳಿಜಾರು ಮುಗಿದುಹೋಗಿತ್ತು. "ಅಣ್ಣಂದು ಆಕ್ಟಿಂಗ್ ನೋಡ್ಲಾ" ಎಂದು ಹುಡುಗರು ಬಿದ್ದು ಬಿದ್ದು ನಕ್ಕರು. ಮೋಹನ್ ಕುಮಾರ್ ನಗಲಿಲ್ಲ. ಒಂದು ಉಸಿರು ಎಳೆದುಕೊಂಡು, "ಅಣ್ಣ, ನ್ನಿ... ನಿಮ್ಗೂನಾ?" ಎಂದ. ಆ ದನಿಯಲ್ಲಿ ಹಂಗಿಸುವುದೇನೂ ಇರಲಿಲ್ಲ. ಆಶ್ಚರ್ಯವಿತ್ತು, ಜಾತ್ರೆಯಲ್ಲಿ ಕಳೆದುಹೋದವನಿಗೆ ಊರಿನವನೊಬ್ಬ ಕಂಡಾಗ ಆಗುವಂಥ ಸಂತೋಷವಿತ್ತು. ಬೈಗುಳವಾಗಿದ್ದರೆ ಸಹಿಸಬಹುದಿತ್ತು. ಸೂರ್ಯಪ್ರಕಾಶ ಫೋನನ್ನು ಸ್ವಿಚ್ ಆಫ್ ಮಾಡಿ ಗೋಣಿಚೀಲದ ಕೆಳಗೆ ತುರುಕಿದ.

ಊಟಕ್ಕೆ ಅವರೆಕಾಳಿನ ಸಾರು, ಮುದ್ದೆ. ಜೀವಿತಾ ತಟ್ಟೆಯಿಂದ ತಲೆ ಎತ್ತದೆ ಉಂಡಳು. ಅವಳು ಯಾವತ್ತೂ ಹಾಗೆಯೇ ಉಣ್ಣುತ್ತಿದ್ದಳು, ಆದರೆ ಇವತ್ತು ಸೂರ್ಯಪ್ರಕಾಶನಿಗೆ ಎಲ್ಲದರಲ್ಲೂ ಏನೇನೋ ಕಂಡಿತು. ನೀರಿನ ಲೋಟವನ್ನು ಅವಳು ಅವನಿಂದ ಆಚೆಗೆ ಸರಿಸಿದಂತೆ, ಮುದ್ದೆ ಮುರಿಯುವಾಗ ಬೇಕೆಂದೇ ಅಜ್ಜಿಯ ಕಡೆ ವಾಲಿದಂತೆ. "ಸಾರು ಸಾಕೇನವ್ವ?" ಎಂದು ಮಂಗಳಾ ಕೇಳಿದಾಗ ತಲೆಯಾಡಿಸಿದಳು. ಇವತ್ತು ನಾಲ್ಕು ಗಂಟೆಗೆ ತನಗೂ ತಲೆಯಾಡಿಸಿಬಿಟ್ಟರೆ? ನೆಟ್ಟಗೆ ನೋಡುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅಟ್ಟದ ಮೇಲೆ ಕೂತು ತನ್ನಂಥವನನ್ನೇ ಅಣಕಿಸುತ್ತಿದ್ದನೆಂದು ತಿಳಿದ ಮಗು ಇನ್ನು ಯಾರ ಮುಂದೆ ಬಾಯಿ ತೆರೆಯುತ್ತದೆ? ಸೂರ್ಯಪ್ರಕಾಶ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದ.

ಅಂಗಳದಲ್ಲಿ ಗಂಗಕ್ಕ ಒಬ್ಬಳೇ ಕೂತು ಕೊಬ್ಬರಿ ಬಿಡಿಸುತ್ತಿದ್ದಳು. ಮಚ್ಚಿನ ಬೆನ್ನಿನಿಂದ ಚಿಪ್ಪನ್ನು ಸುತ್ತ ಬಡಿದು, ಒಳಗಿನ ಉಂಡೆಗೆ ಏಟು ತಾಗದಂತೆ ಬಿಡಿಸಿ ಮಂಕರಿಗೆ ಹಾಕುತ್ತಿದ್ದಳು. ನಲವತ್ತು ವರ್ಷದಿಂದ ಈ ಮನೆಯ ಕೊಬ್ಬರಿ ಬಿಡಿಸಿದ ಕೈ. ರಜಾ ದಿನ ಮೊಮ್ಮಗಳು ಅನಿತಾಳನ್ನು ಕರೆತರುವುದು ರೂಢಿ. ತಾಯಿ ಮನೆ ಬಿಟ್ಟುಹೋದ ಮೇಲೆ ಆ ಹುಡುಗಿಯನ್ನು ಸಾಕಿದ್ದು ಗಂಗಕ್ಕನೇ. ಜೀವಿತಾಳ ಮಾತು ಮುಗಿಯುವ ತನಕ ಚಿಪ್ಪಿನಲ್ಲಿ ಮಣ್ಣು ತುಂಬುತ್ತ ಅವಸರವಿಲ್ಲದೆ ಕಾಯುತ್ತಿದ್ದ ಹುಡುಗಿ. ಅಟ್ಟದ ಮಾತು ಕೆಳಗೆ ಎಷ್ಟು ಕೇಳಿಸುತ್ತದೆ ಎಂದು ಗಂಗಕ್ಕನನ್ನು ಕೇಳಲು ಹೋದವನು ಕೇಳಲಾರದೆ, "ಅ... ಅನಿತಾ ಬರ್ಲಿಲ್ವಾ?" ಎಂದ.

"ಇಲ್ಲ ಕಣಪ್ಪ. ನೆನ್ನೆ ಇಸ್ಕೂಲಿಂದ ಬಂದವ್ಳು ಮಕ ಊದಿಸ್ಕೊಂಡು ಮಲ್ಗವ್ಳೆ. ಏನೇ ಅಂದ್ರೆ ಬಾಯ್ ಬುಡಲ್ಲ. ಅವ್ರವ್ವ ಹೋದಾಗ್ಲೂ ಇಂಗ್ ಅತ್ತಿರ್ಲಿಲ್ಲ." ಗಂಗಕ್ಕ ಇನ್ನೊಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಆಮೇಲೆ ಅವನ ಮುಖ ನೋಡದೆ, "ಸೂರಪ್ಪ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ವಾರದಿಂದ ಅಟ್ಟದ ಮೇಲೆ ನಿಮ್ಮಪ್ಪನ ದನಿ ಕೇಳ್ದಂಗಾಯ್ತದೆ ನಂಗೆ. ಕೈ ತಪ್ತದೆ. ಮೂರು ಉಂಡೆ ಏಟು ತಿಂದವೆ" ಎಂದಳು.

ವಾರದಿಂದ. ಅಂದರೆ ಮಾತು ನುಂಗುವ ಕಾಯಿರಾಶಿ ಇಳಿದಾಗಿನಿಂದ ಸಂಜೆ ಸಂಜೆಯೂ, ಜಗಲಿಯಿಂದ ಅವನು ಎದ್ದು ಏಣಿ ಹತ್ತಿದ ಮೇಲೆ, ಜೀವಿತಾ ಕೊಟ್ಟಿಗೆಗೆ ಹೋಗಿ ಕೂತಿದ್ದಳು. ಸೂರ್ಯಪ್ರಕಾಶ ತೆಂಗಿನ ಸಾಲಿನ ಕೊನೆಯವರೆಗೆ ನಡೆದು, ನಾಲೆಯ ಏರಿಯ ಮೇಲೆ ನಿಂತ. ಅವಳಿಗೆ ಏನು ಹೇಳುವುದೆಂದು ಕಟ್ಟತೊಡಗಿದ. ತಪ್ಪಾಯಿತು ಎಂದರೆ 'ತ' ಅಡ್ಡ ಬರುತ್ತದೆ. ಕ್ಷಮಿಸು ಎಂಬುದಂತೂ ಬಾಯಿಗೆ ಬರುವ ಮಾತೇ ಅಲ್ಲ, ಮನೆಯಲ್ಲಿ ಯಾರೂ ಆಡಿದವರಲ್ಲ. ಅದು ಆಟ ಕಣವ್ವ, ಸುಮ್ಮನೆ ಬೈದದ್ದು, ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎನ್ನಬಹುದು. ಆದರೆ ಅದು ಸುಳ್ಳು. ಏರಿಯ ಮೇಲೆ ಬಿಸಿಲಲ್ಲಿ ನಿಂತು ಅದು ಸುಳ್ಳೆಂದು ಅವನು ಮೊದಲ ಸಲ ಒಪ್ಪಿಕೊಂಡ. ಆ ಮೋಹನ್ ಕುಮಾರ್ ಬಾಯಿ ತೆರೆಯುವುದಕ್ಕೆ ಮುಂಚೆಯೇ ಬೈಗುಳ ತಯಾರಾಗಿ ಕೂತಿತ್ತು. ತಯಾರಾದದ್ದು ಜಗಲಿಯ ಮೇಲೆ. ಮೊಣಕಾಲಿಗೆ ಮೊಣಕಾಲು ತಾಗಿಸಿ ನಗುತ್ತ ಕೂತಾಗ ಒಳಗೆ ಒಬ್ಬ, ಬೇಗ ಹೇಳೇ, ಆಚೆಗೆ ಉಗುಳೇ, ನನ್ನ ಮಾನ ಕಳೆಯಬೇಡವೇ ಎಂದು ಕಿರುಚುತ್ತಿದ್ದ. ನೆತ್ತಿಗೆ ಕುಟ್ಟಲು ಗಿಣ್ಣು ತುರಿಸುತ್ತಿತ್ತು. ಅಷ್ಟನ್ನೂ ಅದುಮಿ ಇಟ್ಟುಕೊಂಡು ತಾನು ಒಳ್ಳೆಯ ಅಪ್ಪನಾಗಿದ್ದ. ಅದುಮಿದ್ದನ್ನು ಮೇಲೆ ಹೋಗಿ ಯಾರದೋ ಮಗನ ಮೇಲೆ ಸುರಿಯುತ್ತಿದ್ದ. ಬೈದದ್ದೆಲ್ಲ ಮಗಳನ್ನೇ. ಅದು ಸರಿಯಾದ ವಿಳಾಸಕ್ಕೇ ಬಂದು ತಲುಪಿತ್ತು. ಇಷ್ಟೆಲ್ಲ ತಿಳಿದ ಮೇಲೂ, ನಾಳೆ ಸಂಜೆ ತಾನು ಮತ್ತೆ ಏಣಿ ಹತ್ತುತ್ತೇನೆಂಬುದರಲ್ಲಿ ಅವನಿಗೆ ಅನುಮಾನ ಬರಲಿಲ್ಲ. ತನ್ನ ಬಗ್ಗೆ ಅವನಿಗೆ ಅಸಹ್ಯವಾಯಿತು.

ನಾಲ್ಕು ಗಂಟೆಗೆ ಜಗಲಿಯ ಮೇಲೆ ಬಂದು ಕೂತ. ಬರುವುದಿಲ್ಲ ಎಂದುಕೊಂಡಿದ್ದವಳು ಅವನಿಗಿಂತ ಮೊದಲೇ ಬಂದಿದ್ದಳು. ಮುಖ ತೊಳೆದುಕೊಂಡಿದ್ದಳು, ಹಣೆಗೆ ಹೊಸ ಸ್ಟಿಕರ್ ಇಟ್ಟಿದ್ದಳು. ಮೊಣಕಾಲನ್ನು ತಂದು ಅವನ ಮೊಣಕಾಲಿಗೆ ತಾಗಿಸಿದಳು. ಕಣ್ಣಿನಲ್ಲಿ ಏನೋ ಸಡಗರ ಕುಣಿಯುತ್ತಿತ್ತು. ಸೂರ್ಯಪ್ರಕಾಶನ ಗಂಟಲು ಅಭ್ಯಾಸಬಲದಿಂದ ಬಿಗಿದು, ಅವಳು ಉಸಿರು ಎಳೆದುಕೊಳ್ಳುವುದನ್ನು ಕಾಯಿತು. ಅವಳು ಎಳೆದುಕೊಳ್ಳಲಿಲ್ಲ.

"ಲೇ ಅನಿತಾ, ನಿಮ್ಮವ್ವ ಯಾಕೆ ಓಡೋದ್ಲು ಗೊತ್ತೇನ್ಲಾ? ದಿನಾ ನಿನ್ನ ಮಕ ನೋಡಕ್ಕಾಗ್ದೆ ಓಡೋದ್ಲು. ನಿಮ್ಮಜ್ಜಿ ಸತ್ತೋದ್ಮೇಲೆ ನಾಯೀನೂ ಮೂಸಲ್ಲ ಕಣ್ಲಾ ನಿನ್ನ" ಎಂದಳು ಜೀವಿತಾ.

ಪೂರ್ತಿಯಾಗಿ. ಎಲ್ಲೂ ಉಗ್ಗದೆ. ಹುಡುಗಿಗೂ ಹುಡುಗನಿಗೆ ಹೇಳುವಂತೆ 'ಲಾ' ಎಂದಿದ್ದಳು. ಕೇಳಿ ಕಲಿತದ್ದು ಹಾಗೆಯೇ ಇತ್ತು. ಎಂಟು ವರ್ಷದ ಗಂಟಲಿನಲ್ಲಿ ನಂಜುಂಡಪ್ಪನ ಏರಿಳಿತ. "ನೆನ್ನೆ ಅಂದೆ ಅಪ್ಪ. ಊಟದ ಬೆಲ್ಲಾದ್ಮೇಲೆ ಎಲ್ಲರ ಮುಂದೇನೂ ಅಂದೆ. ಎಲ್ರೂ ನಕ್ರು. ಅವ್ಳು ಅತ್ಲು" ಎಂದಳು. ಆ ಓಟದಲ್ಲಿ ಇಷ್ಟು ಮಾತುಗಳೂ ಸಲೀಸಾಗಿ ಬಂದವು. ಆಮೇಲೆ ಓಟ ಮುಗಿಯಿತು. "ನ್ನ... ನ್ನಿ... ನಿನ್ ಥರಾನೇ ಬಂತಪ್ಪ" ಎಂದಳು.

ಸೂರ್ಯಪ್ರಕಾಶನಿಗೆ ಮೊದಲು ಆದದ್ದು ಸಂತೋಷ. ಅದನ್ನು ಅವನು ಆಮೇಲೆ ಎಷ್ಟು ಅಲ್ಲಗಳೆದರೂ ಮೊದಲು ಆದದ್ದು ಅದೇ. ಮಗಳು ಮಾತಾಡಿದ್ದಳು, ಮೂರು ವರ್ಷದ ಮೇಲೆ, ಹತ್ತು ಮಕ್ಕಳ ಹಾಗೆ. ಎದೆಯಿಂದ ಏನೋ ಇಳಿದಂತಾಗಿ ಕಣ್ಣಲ್ಲಿ ನೀರು ತುಂಬಿತು. ಅಂಗಳದಲ್ಲಿ ಗಂಗಕ್ಕನ ಮಚ್ಚಿನ ಸದ್ದು ಮೊದಲಿನಂತೆಯೇ ನಡೆದಿತ್ತು, ಅವಳಿಗೆ ಕೇಳಿಸಿರಲಿಲ್ಲ. ಆ ಸದ್ದು ಕಿವಿಗೆ ಬಿದ್ದ ಮೇಲೆ ಮಿಕ್ಕದ್ದೆಲ್ಲ ಅರ್ಥವಾಯಿತು. ಹೋಗಿ ಹೋಗಿ ತನಗಾಗಿ ಕಾಯುತ್ತಿದ್ದ ಒಬ್ಬಳನ್ನೇ ಹುಡುಕಿಕೊಂಡಿದ್ದಳು. ಎಲ್ಲಿ ಹುಣ್ಣಿದೆಯೋ ಅಲ್ಲಿಗೇ ಕೈ ಹಾಕಿದ್ದಳು. ಅದು ತಪ್ಪು ಎಂದು ಹೇಳಬೇಕಾಗಿತ್ತು. ಈಗಲೇ, ಈ ಗಳಿಗೆಯಲ್ಲೇ, ಬೇರೆ ಯಾವ ಮಾತೂ ಬೇಡ, ಅದೊಂದೇ.

"ತ್ತ..." ಎಂದ ಸೂರ್ಯಪ್ರಕಾಶ. ನಾಲಗೆ ಹಲ್ಲಿನ ಹಿಂದೆ ಹೋಗಿ ಕೂತಿತು. ಕತ್ತಿನ ನರ ಉಬ್ಬಿತು. ಎಡಗಣ್ಣು ಮುಚ್ಚಿಕೊಂಡಿತು. "ತ್ತ... ತ್ತ..."

ಜೀವಿತಾ ಅವನ ಬಾಯನ್ನೇ ನೋಡುತ್ತಿದ್ದಳು. ಮೂರು ಸೆಕೆಂಡು ಕಾದಳು, ಮುಖ ತಿರುಗಿಸದೆ. ಆಮೇಲೆ ತಾನೂ ಕತ್ತನ್ನು ಓರೆ ಮಾಡಿ, ಎಡಗಣ್ಣು ಮುಚ್ಚಿ, "ತ್ತ ತ್ತ ತ್ತ ತ್ತ" ಎಂದಳು. ಬಹಳ ಚೆನ್ನಾಗಿ ಮಾಡಿದ್ದಳು. ಬೇಕೆಂದಾಗ ಶುರುಮಾಡಿ ಬೇಕೆಂದಾಗ ನಿಲ್ಲಿಸಿದಳು. ಆ ಮುಖದಲ್ಲಿ ಹಗೆ ಎಂಬುದೇ ಇರಲಿಲ್ಲ. ಫೋನಿನೊಳಗಿನ ಅಣ್ಣಂದಿರು ಅಪ್ಪನಿಗೆ ನಕ್ಕ ಹಾಗೆ ಅಪ್ಪ ತನಗೆ ನಗುತ್ತಾನೋ ಇಲ್ಲವೋ ಎಂದು, ಬಾಯಿ ಅರ್ಧ ತೆರೆದು, ಅವನನ್ನೇ ನೋಡಿದಳು.

ನಗದಿದ್ದರೆ ಆ ಬಾಯಿ ಮುಚ್ಚಿಕೊಳ್ಳುತ್ತದೆ. ಇವತ್ತು ಮುಚ್ಚಿಕೊಂಡದ್ದು ಮತ್ತೆ ಯಾವಾಗ ತೆರೆಯುತ್ತದೆಂದು ತುಮಕೂರಿನ ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಸೂರ್ಯಪ್ರಕಾಶ ನಕ್ಕ. ಮೊದಲು ಗಂಟಲಲ್ಲಿ ಸಣ್ಣದಾಗಿ, ಆಮೇಲೆ ಹಲ್ಲು ಕಾಣುವಂತೆ. ಅವಳ ಮುಖ ಅರಳಿತು. "ತ್ತ ತ್ತ ತ್ತಿಪಟೂರು" ಎಂದಳು, ಬಾಯಿಗೆ ಬಂದ ಯಾವುದೋ ಊರಿನ ಹೆಸರು ಸೇರಿಸಿ, ಮತ್ತೆ ಕಣ್ಣು ಮುಚ್ಚಿ. ಅವನು ಮತ್ತೆ ನಕ್ಕ. ಮಗಳೂ ಕೇಕೆ ಹಾಕಿ ನಕ್ಕಳು.

ಒಳಗೆ ಅಕ್ಕಿ ಆರಿಸುತ್ತಿದ್ದ ಮಂಗಳಾಳ ಕೈ ನಿಂತಿತು. "ಕೇಳುದ್ರಾ ಅತ್ತೆ," ಎಂದಳು ಮೆಲ್ಲಗೆ. "ಇವತ್ತು ಮಗು ಎಷ್ಟು ಸಲೀಸಾಗಿ ಮಾತಾಡ್ತಾದೆ. ನಗ್ತಾನೂ ಅದೆ."

"ಸುಮ್ಕಿರವ್ವ, ಕರೀಬ್ಯಾಡ," ಎಂದಳು ಬೋರಮ್ಮ. "ಇನ್ನೂ ಒಸಿ ಹೊತ್ತು ಕೂತ್ಕಳ್ಲಿ ಅಪ್ಪ ಮಗಳು."

ಹದಿನೈದು ನಿಮಿಷ ಮುಗಿದಿತ್ತು. ಯಾರೂ ಅವರನ್ನು ಕರೆಯಲಿಲ್ಲ.